ಗಡಿ ದಾಟುವ ವೈದ್ಯರ ಚೀಟಿ

ಫಿನ್ಲೆಂಡಿನ ಮಧುಮೇಹ ರೋಗಿಯೊಬ್ಬನು ನೆರೆಯ ಎಸ್ಟೋನಿಯಕ್ಕೆ ಹೋಗಿರುವಾಗ ಅವನ ಮಾತ್ರೆಗಳು ತೀರಿಹೋದುವೆಂದು ಭಾವಿಸೋಣ. ಅಲ್ಲಿನ ಔಷಧದ ಅಂಗಡಿಯವನಿಗೆ ಫಿನ್ನಿಷ್ ಭಾಷೆ ಬಾರದು. ಅದೇ ಮಾತ್ರೆಗೆ ಅಲ್ಲಿ ಮಾರಾಟದ ಹೆಸರೂ ಬೇರೆ ಇರಬಹುದು. ತಪ್ಪು ಔಷಧ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹಾಗಾದರೆ ವೈದ್ಯರ ಚೀಟಿಯನ್ನು ಅವನು ಓದುವುದು ಹೇಗೆ?

ಇದಕ್ಕಾಗಿ ಐರೋಪ್ಯ ದೇಶಗಳು ಕೂಡಿ ‘ಓಪನ್‌ಎನ್‌ಸಿಪಿ’ ಎಂಬ ತಂತ್ರಾಂಶವನ್ನು ರಚಿಸಿವೆ. ಇದು ವಾಕ್ಯಗಳನ್ನು ಭಾಷಾಂತರಿಸಲು ಹೋಗುವುದಿಲ್ಲ. ರೋಗಿಯ ದೇಶದ ಸಂಪರ್ಕ ಕೇಂದ್ರವು ಔಷಧದ ಹೆಸರನ್ನು ಎಲ್ಲರೂ ಒಪ್ಪಿದ ಸಂಕೇತಕ್ಕೆ ಬದಲಾಯಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಮೆಟ್‌ಫಾರ್ಮಿನ್ ಎಂಬ ಔಷಧದ ಸಂಕೇತ ‘ಎ10ಬಿಎ02’. ಎದುರಿನ ದೇಶದ ಕೇಂದ್ರವು ಆ ಸಂಕೇತಕ್ಕೆ ಸಲ್ಲುವ ತನ್ನ ಭಾಷೆಯ ಪದವನ್ನು ಪಟ್ಟಿಯಿಂದ ಆರಿಸಿ ಕೊಡುವುದು. ನೀರಿಗೆ ಭಾಷೆಗೊಂದು ಹೆಸರಿದ್ದರೂ ರಸಾಯನಶಾಸ್ತ್ರದಲ್ಲಿ ನಾವು ಬರೆಯುವ ಸೂತ್ರ ಒಂದೇ ಅಲ್ಲವೆ?

ಈ ತಂತ್ರಾಂಶದ ಮೂಲಬರಹವು ಮುಕ್ತವಾದುದು. ಯಾವ ದೇಶವೂ ಅದನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ತಾನೇ ಓದಿ ಪರೀಕ್ಷಿಸಬಹುದು. ಒಬ್ಬರು ತಿದ್ದಿದ ದೋಷದ ಫಲ ಎಲ್ಲರಿಗೂ ದೊರೆಯುವುದು. ಇದರಿಂದ ರೋಗಿಯ ಗುಟ್ಟು ಬಯಲಾಗುವುದಿಲ್ಲ. ತೆರೆದಿಟ್ಟಿರುವುದು ಕೆಲಸದ ವಿಧಾನವನ್ನೇ ಹೊರತು ರೋಗಿಯ ದಾಖಲೆಯನ್ನಲ್ಲ. 2019ರ ಜನವರಿಯಲ್ಲಿ ಫಿನ್ಲೆಂಡಿನ ವಿದ್ಯುನ್ಮಾನ ಚೀಟಿಗೆ ಎಸ್ಟೋನಿಯದ ಅಂಗಡಿಗಳಲ್ಲಿ ಔಷಧ ದೊರೆಯತೊಡಗಿತು. ಆದರೂ ಒಂದು ಮಾತನ್ನು ನಾವು ಮರೆಯಬಾರದು: ಪಟ್ಟಿಯಲ್ಲಿ ಸಂಕೇತ ತಪ್ಪಿದ್ದರೆ ಯಂತ್ರವು ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಗಡಿ ದಾಟಿಸುವುದು.