ಹಳೇ ಹಾಡಿನ ತುಣುಕು, ಹೊಸ ರ‍್ಯಾಪ್ ಹಾಡು: ಮಾಡೋದು ಹೇಗೆ, ಮಾಲೀಕ ಯಾರು?

ಅಂಗಡಿ ಓಪನಿಂಗ್ ಇರಲಿ, ಹಬ್ಬದ ಆಫರ್ ಇರಲಿ, ಹಳೇ ಸಿನಿಮಾ ಹಾಡಿನ ತುಣುಕು ಹಾಕಿ ಕೆಳಗೆ ಬೀಟ್ಸ್ ಸೇರಿಸಿ ರೀಲ್ಸ್ ಮಾಡೋದು ಈಗ ಮಾಮೂಲು. ‘ಏಳು ಸೆಕೆಂಡಿಗಿಂತ ಕಮ್ಮಿ ಇದ್ರೆ ಏನೂ ಆಗಲ್ಲ ಬಿಡಣ್ಣ’ ಅನ್ನೋ ಭರವಸೆಯೂ ಜೊತೆಗೇ ಸಿಗುತ್ತೆ. ಇಂಥ ಸೆಕೆಂಡಿನ ಲೆಕ್ಕ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಹೀಗೆ ಬೇರೆಯವರ ರೆಕಾರ್ಡಿಂಗ್‌ನಿಂದ ತುಣುಕು ಕತ್ತರಿಸಿ ಹೊಸ ಹಾಡು ಕಟ್ಟೋದಕ್ಕೆ ಸ್ಯಾಂಪ್ಲಿಂಗ್ ಅಂತಾರೆ. ಇದನ್ನು ಒಂದು ಕಲೆಯಾಗಿ ಬೆಳೆಸಿದ್ದು ಅಮೆರಿಕದ ಹಿಪ್ ಹಾಪ್ ಹುಡುಗರು. 1987ರಲ್ಲಿ ಬಂದ ಎಸ್‌ಪಿ-1200 ಅನ್ನೋ ಯಂತ್ರದಲ್ಲಿ ಹಿಡಿಸುತ್ತಿದ್ದುದು ಸುಮಾರು 10 ಸೆಕೆಂಡಿನಷ್ಟು ಧ್ವನಿ ಮಾತ್ರ. ಅದಕ್ಕೂ ದಾರಿ ಹುಡುಕಿದರು. 33ರ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಕೊಳ್ಳೋದು, ಆಮೇಲೆ ಯಂತ್ರದೊಳಗೆ ನಿಧಾನ ಮಾಡೋದು. ಜಾಗ ಉಳಿಯಿತು. ಧ್ವನಿ ಸ್ವಲ್ಪ ಒರಟಾಯಿತು, ಆ ಒರಟುತನವೇ ಆ ಕಾಲದ ಹಾಡುಗಳ ಗುರುತಾಯಿತು. ಗ್ರಾಮಫೋನ್ ನೋಡಿದ ಹಿರಿಯರಿಗೆ ಈ ಉಪಾಯ ತಟ್ಟನೆ ಅರ್ಥವಾಗುತ್ತೆ.

ಈಗ ಎಲ್ಲಾ ಲ್ಯಾಪ್‌ಟಾಪಿನಲ್ಲೇ. ಕೆಲಸದ ಕ್ರಮ ಮಾತ್ರ ಹಳೇದೇ. ಕಿವಿಗೆ ಹಿಡಿಸಿದ ನಾಲ್ಕು ತಾಳದ ತುಣುಕನ್ನು ಮತ್ತೆ ಮತ್ತೆ ಸುತ್ತುವ ಹಾಗೆ ಜೋಡಿಸೋದು, ಇಲ್ಲವೇ ಚೂರು ಮಾಡಿ ಹಿಂದೆಮುಂದೆ ಇಡೋದು. ಶ್ರುತಿ ಏರಿಸಿ ಇಳಿಸಿ, ಡ್ರಮ್ಸ್, ಬೇಸ್ ಕೂರಿಸಿ, ಮೇಲೆ ರ‍್ಯಾಪ್.

ಲಾಸ್ ಏಂಜಲೀಸ್ ಕಡೆಯ ಡಿಜೆ ಕ್ವಿಕ್ ಮಾಡಿದ್ದೂ ಇದನ್ನೇ. ಟಿವಿಯಲ್ಲಿ ಬಂದ ಹಿಂದಿ ಸಿನಿಮಾ ಹಾಡೊಂದು ಅವರ ಕಿವಿಗೆ ಬಿತ್ತು. 1981ರ ‘ಜ್ಯೋತಿ’ ಚಿತ್ರಕ್ಕೆ ಲತಾ ಮಂಗೇಶ್ಕರ್ ಹಾಡಿದ್ದು, ಸಂಗೀತ ಬಪ್ಪಿ ಲಾಹಿರಿ. ಲತಾ ಅವರ ದನಿಯನ್ನೇ ಸುತ್ತು ಹಾಕಿ, ಕೆಳಗೆ ಭಾರೀ ಬೀಟ್ ಇಟ್ಟರು. ಟ್ರೂತ್ ಹರ್ಟ್ಸ್ ಎಂಬ ಗಾಯಕಿ ಹಾಡಿದರು, ರಾಕಿಮ್ ರ‍್ಯಾಪ್ ಮಾಡಿದರು. 2002ರಲ್ಲಿ ‘ಅಡಿಕ್ಟಿವ್’ ಹೆಸರಿನಲ್ಲಿ ಬಂದ ಆ ಹಾಡು ಅಮೆರಿಕದ ಟಾಪ್ ಹತ್ತರೊಳಗೆ ನುಗ್ಗಿತು. ಕೇಳಿದವರಿಗೆಲ್ಲ ಲತಾ ದನಿ ಗೊತ್ತಾಗುತ್ತಿತ್ತು, ಆಲ್ಬಮ್ ಮೇಲೆ ಬಪ್ಪಿ ಹೆಸರೇ ಇರಲಿಲ್ಲ.

ಕೇಸಾಯಿತು. ಬಪ್ಪಿ ಹೆಸರು ಹಾಕದೆ ಆಲ್ಬಮ್ ಮಾರುವಂತಿಲ್ಲ ಅಂತ 2003ರಲ್ಲಿ ಅಲ್ಲಿನ ಕೋರ್ಟ್ ಆದೇಶ ಕೊಟ್ಟಿತು. ನಮ್ಮವರಿಗೆ ನ್ಯಾಯ ಸಿಕ್ಕಿತು ಅಂತ ಇಲ್ಲಿ ಖುಷಿಪಟ್ಟವರೂ ಇದ್ದರು. ಆದರೆ ಕಾಗದಪತ್ರ ತೆಗೆದು ನೋಡಿದಾಗ ಕಥೆ ತಿರುಗಿತು.

ಹಾಡಿನಲ್ಲಿ ಎರಡು ಆಸ್ತಿ ಇರುತ್ತೆ: ಸಾಹಿತ್ಯ-ಸಂಗೀತ ಒಂದು, ರೆಕಾರ್ಡಿಂಗ್ ಇನ್ನೊಂದು. ಹೊಲ ಒಬ್ಬರದು, ಬೋರ್‌ವೆಲ್ ಇನ್ನೊಬ್ಬರದು ಇದ್ದ ಹಾಗೆ. ಸಿನಿಮಾಕ್ಕೆಂದು ಸಂಬಳ ಪಡೆದು ಮಾಡಿಕೊಟ್ಟ ಆ ಹಾಡಿನ ಹಕ್ಕು ಬಪ್ಪಿಯವರ ಕೈಯಲ್ಲೇ ಇರಲಿಲ್ಲ. ಇಲ್ಲದ ಹಕ್ಕಿಗೆ ದಾವೆ ನಡೆಸಿದ್ದಕ್ಕೆ ಅವರ ವಕೀಲರಿಗೇ ಸುಮಾರು 2.47 ಲಕ್ಷ ಡಾಲರ್ ದಂಡ ಬಿತ್ತು. 2010ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಡು ಕಟ್ಟಿದವನಿಗೇ ಹಾಡು ದಕ್ಕಲಿಲ್ಲ. ನಮ್ಮ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಬೇಸರದ ಸಂಗತಿ ಇದೇ. ರಾಯಲ್ಟಿಯಲ್ಲಿ ಸಂಗೀತಗಾರರ, ಗೀತರಚನೆಕಾರರ ಪಾಲನ್ನು ಕಸಿಯುವಂತಿಲ್ಲ ಅಂತ ನಮ್ಮ ದೇಶದ ಕಾಯ್ದೆಗೆ ತಿದ್ದುಪಡಿ ಬಂದಿದ್ದು 2012ರಲ್ಲಿ.

ಸೆಕೆಂಡಿನ ಲೆಕ್ಕಕ್ಕೆ ಬರೋಣ. ‘ಆರಾಧನಾ’ ಚಿತ್ರದ ಹಾಡೊಂದರ ಬರೀ ಒಂದು ಸೆಕೆಂಡಿನಷ್ಟು ತುಣುಕು ದಿ ಗೇಮ್ ಎಂಬ ರ‍್ಯಾಪರ್‌ನ ಹಾಡಿನಲ್ಲಿದೆ ಅಂತ ಸರಿಗಮ ಕಂಪನಿ ಅಮೆರಿಕದಲ್ಲಿ ದಾವೆ ಹಾಕಿತು. ಕಂಪನಿ ಸೋತಿತು. ಹಳೇ ಒಪ್ಪಂದದಲ್ಲಿ ಅದರ ಹಕ್ಕು ಎರಡೇ ವರ್ಷಕ್ಕಿತ್ತು ಅಂತ 2011ರಲ್ಲಿ ತೀರ್ಪಾಯಿತು. ಗೆದ್ದವರೂ ಅಷ್ಟು ವರ್ಷ ವಕೀಲರ ಫೀಸು ಕಟ್ಟಲೇಬೇಕಾಯಿತು.

ನಮ್ಮ ಹುಡುಗರಿಗೆ ಸಲೀಸಾದ ದಾರಿಯೂ ಇದೆ. ಊರ ಜಾತ್ರೆಯ ತಮಟೆ, ಡೊಳ್ಳು, ಸಂತೆಯ ಕೂಗು ನೀವೇ ರೆಕಾರ್ಡ್ ಮಾಡಿಕೊಂಡರೆ ಆ ರೆಕಾರ್ಡಿಂಗ್ ನಿಮ್ಮದೇ. ಆದರೆ ಬಾರಿಸಿದವರಿಗೂ ಕಾಯ್ದೆಯಲ್ಲಿ ಹಕ್ಕಿದೆ. ಅವರನ್ನು ಮೊದಲೇ ಕೇಳಿ, ಹಾಡಿನ ಕೆಳಗೆ ಹೆಸರು ಹಾಕಿ, ದುಡ್ಡು ಬಂದರೆ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿಟ್ಟುಕೊಳ್ಳಿ.