ಆರು ಏಳುಗಳ ಎರಡು ರೂಪಾಯಿ

ಪಟ್ಟಂ ಅಂದರೆ ಕಾಸರಗೋಡಿನ ಕನ್ನಡಿಗರಿಗೆ ಪಿಎಸ್‌ಸಿ. ಕೇರಳ ಲೋಕಸೇವಾ ಆಯೋಗದ ಕೇಂದ್ರ ಕಚೇರಿ ಇರುವುದು ತಿರುವನಂತಪುರದ ಈ ಭಾಗದಲ್ಲೇ. ರಾತ್ರಿ ರೈಲು ಹತ್ತಿ, ಫೈಲು ಕಂಕುಳಲ್ಲಿ ಇಟ್ಟುಕೊಂಡು ಇಲ್ಲಿಗೆ ಬಂದುಹೋದವರು ನಮ್ಮೂರಲ್ಲಿ ಮನೆಗೊಬ್ಬರು ಸಿಗುತ್ತಾರೆ. ತಮ್ಮನ ಪ್ರಮಾಣಪತ್ರದ ಕೆಲಸಕ್ಕೆ ಹೋದ ತಿಂಗಳು ನಾನೂ ಹೋಗಿದ್ದೆ. ಕೆಲಸ ಬೇಗ ಮುಗಿಯಿತು, ರೈಲಿಗೆ ಸಂಜೆಯವರೆಗೆ ಹೊತ್ತಿತ್ತು. ಗೆಳೆಯನ ಸೋದರಮಾವನ ಮನೆ ಅಲ್ಲೇ ಹತ್ತಿರ. ಬದಿಯಡ್ಕ ಕಡೆಯವರು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದ ಮೇಲೆ ಇಲ್ಲೇ ನೆಲೆ ನಿಂತವರು. ನಾನೂ ಅವರನ್ನು ಮಾವ ಅಂತಲೇ ಕರೆಯುವುದು.

ಹೋದಾಗ ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ನೋಟುಗಳನ್ನು ರಾಶಿ ಮಾಡಿಕೊಂಡು ಕೂತಿದ್ದರು. ಭಾನುವಾರ ಎರ್ನಾಕುಳಂನಿಂದ ಕೊಳ್ಳುವವನೊಬ್ಬ ಬರುವವನಿದ್ದ. "ಯಾವುದು ಕೊಡುವುದು, ಯಾವುದು ಇಟ್ಟುಕೊಳ್ಳುವುದು? ಕೂತುಕೋ ಮಾಣಿ, ಕಣ್ಣಿದ್ದವನು ಬೇಕು" ಅಂದರು. ಎಲ್ಲವೂ ಕೌಂಟರಿನಲ್ಲಿ ಕೈಗೆ ಸಿಕ್ಕಿದವು. ಚೆಂದದ ನಂಬರು ಕಂಡರೆ ತನ್ನ ಜೇಬಿನ ಅದೇ ಬೆಲೆಯ ನೋಟು ಡ್ರಾವರಿಗೆ ಹಾಕಿ ಇದನ್ನು ಎತ್ತಿಡುತ್ತಿದ್ದರಂತೆ.

ದೊಡ್ಡ ರಾಶಿ 786ರದ್ದು. ಬಿಸ್ಮಿಲ್ಲಾ ವಾಕ್ಯದ ಅರಬ್ಬಿ ಅಕ್ಷರಗಳ ಬೆಲೆಗಳನ್ನು ಕೂಡಿಸಿದರೆ ಬರುವ ಮೊತ್ತ ಇದು. ನಂಬಿದವರಿಗೆ ಅದು ಪವಿತ್ರ, ಆ ಭಾವಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅಪರೂಪ ಎಂಬ ಮಾತನ್ನು ಒಪ್ಪಲಾರೆ. ಮಾವ ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಆರಂಕಿಯ ಹತ್ತು ಲಕ್ಷ ನಂಬರುಗಳಲ್ಲಿ ಎಲ್ಲಾದರೊಂದು ಕಡೆ 786 ಇರುವವು 3,999, ಅಂದರೆ ಹೆಚ್ಚುಕಡಿಮೆ 250 ನೋಟಿಗೆ ಒಂದು. ಸಾಲು ತಪ್ಪದ ಸಾವಿರ ನೋಟಿನ ಕಟ್ಟು ಬಿಚ್ಚಿದರೆ 786ರಲ್ಲಿ ಮುಗಿಯುವುದು ಒಂದು ಇದ್ದೇ ಇರುತ್ತದೆ. ಹಿಂದುಮುಂದು ಹೇಗೆ ಓದಿದರೂ ಒಂದೇ ಆಗುವ 483384ರಂಥವು ಸಾವಿರಕ್ಕೊಂದು. ಆರೂ ಅಂಕಿ ಒಂದೇ ಇರುವುದು 111111ರಿಂದ 999999ರವರೆಗೆ, ಹತ್ತು ಲಕ್ಷಕ್ಕೆ ಬರೇ ಒಂಬತ್ತು. ಇದನ್ನು ನೋಡಿದ ಮೇಲೆ 786ಕ್ಕೆ ಲಕ್ಷ ಕೊಡುತ್ತೇವೆ ಎಂಬ ಜಾಹೀರಾತು ನಂಬುವುದು ಹೇಗೆ? 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿತ್ತು: ಹಳೇ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರಿದ್ದಾರೆ, ತನಗೂ ಈ ವ್ಯವಹಾರಕ್ಕೂ ಸಂಬಂಧವಿಲ್ಲ ಎಂದು. ಮೊದಲು ದುಡ್ಡು ಕಟ್ಟಿ ಅನ್ನುವವನಿಗೆ ನೋಟಿನ ಫೋಟೋ ಕೂಡ ಕಳಿಸಬೇಡಿ.

ಅಂಕಿಯ ಮೋಹ ಕೇರಳದಲ್ಲಿ ಬೀದಿಗೇ ಇಳಿದಿದೆ. ತಿರುವನಂತಪುರದ ಬೇಕರಿ ಜಂಕ್ಷನ್‌ನಲ್ಲಿ ರಿಸರ್ವ್ ಬ್ಯಾಂಕಿನ ಕಚೇರಿ. ಅಲ್ಲೇ ಸಮೀಪದ ಗೋರ್ಕಿ ಭವನದಲ್ಲಿ ಲಾಟರಿಯ ಡ್ರಾ. ಹಣಕಾಸು ಸಚಿವ ಪಿ.ಕೆ. ಕುಂಞು ಅವರ ಯೋಚನೆಯಿಂದ 1967ರಲ್ಲಿ ಹುಟ್ಟಿದ ಲಾಟರಿ ಇದು. 1968ರ ಜನವರಿ 26ರ ಮೊದಲ ಡ್ರಾದಲ್ಲಿ ಟಿಕೇಟು ಒಂದು ರೂಪಾಯಿ, ಮೊದಲ ಬಹುಮಾನ 50,000. ಟಿಕೇಟಿನ ಮೇಲೂ ಅಕ್ಷರ, ಆಮೇಲೆ ಆರಂಕಿ, ಥೇಟ್ ನೋಟಿನ ಹಾಗೆ! ಕೊನೆಯ ಅಂಕಿಗಳನ್ನು ಆರಿಸಿ ಆರಿಸಿ ಟಿಕೇಟು ತೆಗೆಯುವ ಕಣ್ಣೇ ನೋಟನ್ನೂ ಓದುತ್ತದೆ ಅಂತ ನನಗೆ ಬಲವಾಗಿ ಅನಿಸಿತು. ವಾಹನದ ನಂಬರಿಗಂತೂ ಕೇಳುವುದೇ ಬೇಡ. 2019ರಲ್ಲಿ ತಿರುವನಂತಪುರದ ಕೆಎಲ್ 01 ಸಿಕೆ 1 ಹರಾಜಾದದ್ದು 31 ಲಕ್ಷಕ್ಕೆ, 2025ರಲ್ಲಿ ಎರ್ನಾಕುಳಂನ ಕೆಎಲ್ 07 ಡಿಜಿ 0007 ಸುಮಾರು 46 ಲಕ್ಷಕ್ಕೆ. ಆ ತಗಡು ಕಾರಿನ ಜೊತೆ ಊರೆಲ್ಲ ಸುತ್ತುತ್ತದೆ. ನೋಟಿನ ನಂಬರನ್ನು ನೋಡಬೇಕಾದರೆ ಮಾತ್ರ ಹೀಗೆ ಒಬ್ಬರ ಮನೆಗೆ ಬಂದು ಕೂರಬೇಕು.

ಎರಡನೇ ರಾಶಿ ಸ್ಟಾರ್ ನೋಟುಗಳು. ಅಚ್ಚಿನಲ್ಲಿ ಕೆಟ್ಟ ನೋಟಿಗೆ ಬದಲು ಮೊದಲು ಅದೇ ನಂಬರಿನದ್ದನ್ನು ಮತ್ತೆ ಮುದ್ರಿಸಿ ಸೇರಿಸುತ್ತಿದ್ದರು. 2006ರಿಂದ 10, 20, 50ರ ನೋಟುಗಳಲ್ಲಿ ಅಕ್ಷರಕ್ಕೂ ಅಂಕಿಗೂ ನಡುವೆ ನಕ್ಷತ್ರವಿರುವ ಬದಲಿ ನೋಟು ಬಂತು, 2016ರಲ್ಲಿ 500ಕ್ಕೂ. ಖೋಟಾ ಅಂತ ಹೆದರಿ ವಾಪಸು ಕೊಡುವವರು ಈಗಲೂ ಇದ್ದಾರೆ. ಗರಿ ಮುರಿಯದಿದ್ದರೆ ಇಟ್ಟುಕೊಳ್ಳಿ ಅಂತ ನಾನಂದೆ. ಮಡಿಕೆ ಬಿದ್ದ ನೋಟಿಗೆ ಎಂಥ ನಂಬರಿದ್ದರೂ ಬೆಲೆ ಇಳಿಯುತ್ತದೆ.

2016ರ ನವೆಂಬರಿನಲ್ಲಿ ರದ್ದಾದ ಹಳೇ 500ರ ನೋಟುಗಳೂ ಇದ್ದವು. ಇಲ್ಲಿ ಕಾನೂನು ಎಣಿಸುತ್ತದೆ. 2017ರ ಕಾಯ್ದೆಯ ಪ್ರಕಾರ ಯಾರೂ ಹತ್ತಕ್ಕಿಂತ ಹೆಚ್ಚು ರದ್ದಾದ ನೋಟು ಇಟ್ಟುಕೊಳ್ಳುವಂತಿಲ್ಲ, ಅಧ್ಯಯನ ಅಥವಾ ಸಂಗ್ರಹಕ್ಕಾದರೆ 25ರವರೆಗೆ. ಮೀರಿದರೆ ದಂಡ 10,000 ರೂಪಾಯಿ ಅಥವಾ ನೋಟಿನ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅದು. ಮಾವನ ಬಳಿ ನಾಲ್ಕೇ ಇದ್ದವು.

ಒಂದು ಹತ್ತರ ನೋಟು ತಿರುಗಿಸಿ ಭಾಷೆಗಳ ಪಟ್ಟಿಯ ಮೇಲೆ ಬೆರಳಿಟ್ಟರು. ಮೇಲಿಂದ ನಾಲ್ಕನೆಯದು ಕನ್ನಡ, ಏಳನೆಯದು ಮಲಯಾಳ, ನಡುವೆ ಕಾಶ್ಮೀರಿ ಮತ್ತು ಕೊಂಕಣಿ. "ಹತ್ತು ರೂಪಾಯಿ, ಪತ್ತು ರೂಪ. ನಾನು ಇವೆರಡರ ನಡುವೆಯೇ ಬದುಕಿದ್ದು" ಅಂದರು.

ಸಂಜೆಯ ಹೊತ್ತಿಗೆ 786ರ ರಾಶಿ ಪೂರ್ತಿ ಮಾರುವ ಲಕೋಟೆಗೆ ಹೋಯಿತು. ಹಿಂದುಮುಂದು ಒಂದೇ ಆಗುವವುಗಳಲ್ಲಿ ಅರ್ಧವೂ ಹೋದವು. ಕೊನೆಗೆ ಉಳಿದದ್ದು ಎರಡು ರೂಪಾಯಿಯ ಒಂದು ನೋಟು, ಹಿಂಬದಿಯಲ್ಲಿ ಆರ್ಯಭಟ ಉಪಗ್ರಹ, ನಂಬರು 777777. ಬೆಳಕಿಗೆ ಹಿಡಿದೆ. ಎಡಭಾಗದಲ್ಲಿ ಸೂಜಿಮೊನೆಯಷ್ಟು ಎರಡು ತೂತು, ಸುತ್ತ ತೆಳುವಾದ ತುಕ್ಕಿನ ಉಂಗುರ. ಆಗ ನೋಟಿನ ಕಟ್ಟುಗಳಿಗೆ ಪಿನ್ನು ಹೊಡೆಯುತ್ತಿದ್ದರು. ಅದನ್ನು ನಿಲ್ಲಿಸಿ ಕಾಗದದ ಪಟ್ಟಿ ಸುತ್ತಿ ಅಂತ ರಿಸರ್ವ್ ಬ್ಯಾಂಕು ಹೇಳಿದ್ದು 2001ರ ನವೆಂಬರಿನಲ್ಲಿ.

"ಇದನ್ನು ಕೊಡಬೇಡಿ ಮಾವ, ತೂತು ತೋರಿಸಿ ಅವನು ಬೆಲೆ ಮುರಿಯುತ್ತಾನೆ" ಅಂದೆ.

"ಬೆಲೆಗಲ್ಲ ಮಾಣಿ," ಅಂದರು, ನೋಟನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಾ. "ಕೌಂಟರಿನಲ್ಲಿ ಕೂತ ಮೊದಲ ವಾರ. ಆ ಪಿನ್ನು ಕಿತ್ತದ್ದು ನಾನೇ."