ವಸಡಿನ ರಕ್ತವೂ ಹಲ್ಲಿನ ಕಿಟ್ಟವೂ

ದೇಹದ ಯಾವ ಭಾಗದಿಂದಲಾದರೂ ಒಂದು ಹನಿ ರಕ್ತ ಬಂದರೆ ನಾವು ಗಾಬರಿಯಾಗುತ್ತೇವೆ. ಬೆರಳಿಗೆ ಇಳಿಗೆ ತಗಲಿದರೆ ಅರಿಸಿನ ಹಚ್ಚಿ ಬಟ್ಟೆ ಕಟ್ಟುತ್ತೇವೆ. ಮಗುವಿನ ಮೊಣಕಾಲು ತರಚಿದರೆ ಮನೆಯವರೆಲ್ಲ ಕೂಡುತ್ತಾರೆ. ಆದರೆ ದಿನಾಲು ಮುಂಜಾನೆ ಹಲ್ಲುಜ್ಜುವಾಗ ಉಗುಳಿನಲ್ಲಿ ಕಾಣುವ ಕೆಂಪನ್ನು ಮಾತ್ರ ನೀರು ಸುರುವಿ ಮರೆತುಬಿಡುತ್ತೇವೆ. ಹಲ್ಲು ನೋಯಲಿಲ್ಲ, ಕೆನ್ನೆ ಬಾತಿಲ್ಲ, ಉಣ್ಣಲಿಕ್ಕೆ ತೊಂದರೆಯಿಲ್ಲ. ಹಾಗಾದ ಮೇಲೆ ಡಾಕ್ಟರರ ಬಳಿಗೆ ಹೋಗುವದೇಕೆ ಎಂಬುದು ಸಾಮಾನ್ಯರ ವಿಚಾರವಾಗಿದೆ. ವಸಡಿನ ಬೇನೆಯು ಅಷ್ಟೊಂದು ಹಲ್ಲುಗಳನ್ನು ಕಳೆಯುವದಕ್ಕೆ ಈ ನೋವಿಲ್ಲದಿರುವಿಕೆಯೇ ಒಂದು ಮುಖ್ಯ ಕಾರಣವೆಂದು ತಿಳಿಯತಕ್ಕದ್ದು.

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಂಥ ದೊಡ್ಡ ಹಳ್ಳಿಗಳ ಮನೆಗಳಲ್ಲಿ ಹಲ್ಲಿನ ಬೆಲೆ ಏನೆಂಬುದನ್ನು ಊಟದ ಪಂಕ್ತಿಯಲ್ಲಿಯೇ ನೋಡಬಹುದು. ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಹುರಿಗಡಲೆ ಇವೆಲ್ಲ ಗಟ್ಟಿ ಹಲ್ಲಿನವರ ಆಹಾರಗಳು. ಐವತ್ತು ದಾಟಿದ ತಾಯಿಯೊಬ್ಬಳು ರೊಟ್ಟಿಯನ್ನು ಹಾಲಿನಲ್ಲಿ ನೆನೆಯಿಟ್ಟು ಉಣ್ಣತೊಡಗಿದರೆ ಮನೆಯವರು, “ವಯಸ್ಸಾಯಿತು, ಹಲ್ಲು ಸಡಿಲಾದವು,” ಎಂದು ಸುಮ್ಮನಾಗುತ್ತಾರೆ. ವಯಸ್ಸಿನ ಮೇಲೆ ಹೊರಿಸಿದ ಈ ದೋಷವು ನಿಜವಾಗಿ ಬಹುಮಟ್ಟಿಗೆ ಕಿಟ್ಟದ್ದಾಗಿರುತ್ತದೆ. ಸಮಯಕ್ಕೆ ಸರಿಯಾಗಿ ವಸಡಿನೊಳಗಿನ ಕಿಟ್ಟವನ್ನು ತೆಗೆಯಿಸಿದ್ದರೆ ಆ ಹಲ್ಲುಗಳಲ್ಲಿ ಅನೇಕವು ಉಳಿಯುತ್ತಿದ್ದವು. ಆದಕಾರಣ ಈ ಕಿಟ್ಟವು ಹೇಗೆ ಕಟ್ಟುವದು, ಏನು ಮಾಡುವದು, ಅದನ್ನು ತೆಗೆಯುವ ಬಗೆ ಯಾವದು ಎಂಬುದನ್ನು ಕ್ರಮವಾಗಿ ವಿವರಿಸುವೆವು.

ಕಿಟ್ಟವು ಕಟ್ಟುವ ಬಗೆ

ಹಲ್ಲು ದವಡೆಯ ಎಲುಬಿನಲ್ಲಿ ಗೂಟದಂತೆ ನೆಟ್ಟಿರುತ್ತದೆ. ಬೇರಿಗೂ ಎಲುಬಿಗೂ ನಡುವೆ ಸೂಕ್ಷ್ಮವಾದ ತಂತುಗಳ ಹೊದಿಕೆಯಿದ್ದು, ಅದೇ ಹಲ್ಲನ್ನು ಹಿಡಿದಿರುತ್ತದೆ. ಮೇಲೆ ವಸಡು ಕೊರಳಪಟ್ಟಿಯಂತೆ ಸುತ್ತಿಕೊಂಡಿರುವದು. ಆರೋಗ್ಯವಂತ ವಸಡಿನ ಅಂಚಿಗೂ ಹಲ್ಲಿಗೂ ನಡುವೆ 1ರಿಂದ 3 ಮಿಲಿಮೀಟರಿನಷ್ಟು ಆಳದ ಸಂದು ಮಾತ್ರ ಇರುತ್ತದೆ.

ನಾವು ಹಲ್ಲುಜ್ಜಿದ ಕೆಲವೇ ತಾಸುಗಳಲ್ಲಿ ಹಲ್ಲಿನ ಮೇಲೆ ಸೂಕ್ಷ್ಮಜೀವಿಗಳು ಪುನಃ ನೆಲೆಗೊಳ್ಳುತ್ತವೆ. ಹಾಲಂಡದ ಲೇವನ್‌ಹುಕ್ ಎಂಬವನು ತನ್ನ ಹಲ್ಲಿನ ಸಂದಿನಿಂದ ತೆಗೆದ ಬಿಳಿಯ ಪದಾರ್ಥವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದರಲ್ಲಿ ಅಸಂಖ್ಯ ಜೀವಿಗಳು ಚಲಿಸುತ್ತಿರುವವೆಂದು 1683ರಲ್ಲಿಯೇ ಲಂಡನ್ನಿನ ರಾಯಲ್ ಸೊಸಾಯಿಟಿಗೆ ಪತ್ರ ಬರೆದನು. ಈ ಮೆತ್ತನೆಯ ಪದರಕ್ಕೆ ಪಾಚಿಯೆಂದು ಹೆಸರಿಡೋಣ. ಇದು ಬ್ರಶ್ಶಿಗೆ ಹೋಗುವದು. ಹಾಗೆಯೇ ಬಿಟ್ಟರೆ ಕೆಲವು ದಿನಗಳಲ್ಲಿ ಉಗುಳಿನಲ್ಲಿರುವ ಸುಣ್ಣದ ಅಂಶವು ಅದರಲ್ಲಿ ಸೇರಿ, ಕೊಡದ ಒಳಮೈಗೆ ಗಡಸು ನೀರಿನ ಉಪ್ಪು ಕಟ್ಟುವಂತೆ, ಕಲ್ಲಾಗುವದು. ಇದೇ ಕಿಟ್ಟ. ಉಗುಳಿನ ನಾಳಗಳು ಬಾಯಲ್ಲಿ ತೆರೆಯುವ ಸ್ಥಳಗಳಲ್ಲಿ, ಅಂದರೆ ಕೆಳಗಿನ ಮುಂಬಲ್ಲುಗಳ ಹಿಂಬದಿಗೂ ಮೇಲಿನ ದವಡೆಹಲ್ಲುಗಳ ಕೆನ್ನೆಯ ಬದಿಗೂ, ಇದು ಹೆಚ್ಚು ಕಟ್ಟುವದು. ಒಮ್ಮೆ ಕಲ್ಲಾದ ಮೇಲೆ ಬ್ರಶ್ಶು, ಬೇವಿನ ಕಡ್ಡಿ, ಉಪ್ಪು, ಇದ್ದಿಲು ಯಾವದಕ್ಕೂ ಅದು ಜಗ್ಗುವದಿಲ್ಲ. ಅದರ ಒರಟು ಮೈ ಹೊಸ ಪಾಚಿಗೆ ಮನೆಯಾಗುತ್ತದೆ.

ಪಾಚಿಯೇ ವಸಡಿನ ಉರಿಯೂತಕ್ಕೆ ಕಾರಣವೆಂಬುದನ್ನು ಡೆನ್ಮಾರ್ಕಿನ ಆರ್ಹುಸ್ ಪಟ್ಟಣದಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ತೋರಿಸಿಕೊಟ್ಟರು. ಆರೋಗ್ಯವಂತ ವಸಡಿನ 12 ಜನರು ಹಲ್ಲುಜ್ಜುವದನ್ನು ಬುದ್ಧಿಪೂರ್ವಕವಾಗಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡುಗಳೂ ಕೆಂಪೇರಿ ಉರಿಯೂತಕ್ಕೆ ಒಳಗಾದವು. ಪುನಃ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರೂ ಗುಣವಾದರು. ಇದರಿಂದ ಕಲಿಯತಕ್ಕ ಪಾಠವಿದು: ರಕ್ತ ಬರುವ ಜಾಗವನ್ನು ಬ್ರಶ್ಶಿನಿಂದ ಮುಟ್ಟದೆ ಬಿಡಬಾರದು, ಮೃದುವಾಗಿಯೇ ಆದರೂ ಅಲ್ಲಿಯೇ ಹೆಚ್ಚು ಶುಚಿಮಾಡಬೇಕು.

ವಸಡಿನ ಉರಿಯೂತದಿಂದ ಹಲ್ಲಿನ ಸಡಿಲಿಕೆಗೆ

ಮೊದಲ ಅವಸ್ಥೆಯಲ್ಲಿ ಬೇನೆಯು ವಸಡಿನಲ್ಲಷ್ಟೇ ಇರುವದು. ವಸಡು ಊದಿ ಕೆಂಪಾಗಿ ರಕ್ತ ಒಸರುವದಾದರೂ ಎಲುಬಿಗೆ ಹಾನಿಯಾಗಿರುವದಿಲ್ಲ. ಶುಚಿಮಾಡಿದರೆ ಎಲ್ಲವೂ ಮೊದಲಿನಂತಾಗುವದು. ಇದನ್ನು ಅಲಕ್ಷಿಸಿದರೆ ಅನೇಕರಲ್ಲಿ ಎರಡನೆಯ ಅವಸ್ಥೆ ಬರುವದು. ಪಾಚಿಯೂ ಕಿಟ್ಟವೂ ವಸಡಿನ ಅಂಚಿನಿಂದ ಕೆಳಗಿಳಿದು ಬೇರನ್ನು ಸೇರುತ್ತವೆ. ಸಂದು ಆಳವಾಗಿ ಜೇಬಿನಂತಾಗುವದು. ದೇಹವು ಆ ಸೂಕ್ಷ್ಮಜೀವಿಗಳೊಡನೆ ಹೋರಾಡುವ ಭರದಲ್ಲಿ ಹಲ್ಲನ್ನು ಹಿಡಿದ ತಂತುಗಳೂ ಎಲುಬೂ ಕರಗಿಹೋಗುವವು. ಬಾಯಿ ದುರ್ಗಂಧ, ವಸಡನ್ನು ಒತ್ತಿದರೆ ಕೀವು, ಹಲ್ಲುಗಳ ನಡುವೆ ಹೊಸ ಸಂದು, ಕೊನೆಗೆ ಅಲುಗಾಟ ಇವು ಅದರ ಲಕ್ಷಣಗಳು. ಹಿರಿಯರು ಪಾಯೋರಿಯಾ ಎಂದು ಕರೆಯುತ್ತಿದ್ದುದು ಇದನ್ನೇ. ಕರಗಿದ ಎಲುಬು ಸಾಮಾನ್ಯವಾಗಿ ತಾನಾಗಿಯೇ ಪುನಃ ಬೆಳೆಯುವದಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

“ನಮ್ಮ ಅಜ್ಜ ಎಂದೂ ಬ್ರಶ್ಶು ಹಿಡಿಯಲಿಲ್ಲ, ಅವನ ಹಲ್ಲು ಕಡೆಯವರೆಗೂ ಗಟ್ಟಿಯಾಗಿದ್ದವು,” ಎಂದು ವಾದಿಸುವವರು ಉಂಟು. ಅವರ ಮಾತು ಸುಳ್ಳೇನಲ್ಲ. ಸಿಂಹಳದ ಚಹಾ ತೋಟಗಳಲ್ಲಿ, ಹಲ್ಲಿನ ಶುಚಿಯ ರೂಢಿಯಾಗಲಿ ದಂತವೈದ್ಯರ ಸಹಾಯವಾಗಲಿ ಇಲ್ಲದ 480 ಗಂಡು ಕೂಲಿಕಾರರನ್ನು ಇದೇ ಲೋ ಅವರು 1970ರಿಂದ 1985ರ ವರೆಗೆ ಪರೀಕ್ಷಿಸುತ್ತ ಬಂದರು. ಅವರಲ್ಲಿ ನೂರಕ್ಕೆ ಸುಮಾರು 11 ಜನರಿಗೆ ಬೇನೆಯು ವಸಡಿನ ಉರಿಯೂತದಿಂದ ಮುಂದಕ್ಕೆ ಹೋಗಲಿಲ್ಲ. 81 ಜನರಿಗೆ ನಿಧಾನವಾಗಿ ಮುಂದುವರಿಯಿತು. 8 ಜನರಿಗೆ ಬಹು ವೇಗವಾಗಿ ಹಬ್ಬಿತು. ನಿಮ್ಮ ಅಜ್ಜನು ಆ 11 ಜನರ ಪೈಕಿ ಇದ್ದಿರಬಹುದು. ನೀವು ಯಾವ ಪೈಕಿ ಎಂಬುದನ್ನು ಹಲ್ಲು ಅಲುಗುವ ತನಕ ಕಾಯ್ದು ತಿಳಿದುಕೊಳ್ಳುವದು ಜಾಣತನವಲ್ಲ.

ಕಿಟ್ಟ ತೆಗೆಯುವ ವಿದ್ಯೆ ಹೊಸದಲ್ಲ

ಹಲ್ಲು ಕೆರೆಸಿಕೊಳ್ಳುವದು ಪರದೇಶದ ಹೊಸ ರೂಢಿಯೆಂದು ಹಿಂಜರಿಯುವವರು ನಮ್ಮ ಪೂರ್ವಿಕರ ವೈದ್ಯಶಾಸ್ತ್ರವನ್ನು ನೋಡಬೇಕು. ಸುಶ್ರುತಸಂಹಿತೆಯಲ್ಲಿ ಹಲ್ಲಿನ ಮೇಲೆ ಸಕ್ಕರೆಯ ಹರಳಿನಂತೆ ಕಟ್ಟುವ ಈ ಮಲಕ್ಕೆ ದಂತಶರ್ಕರಾ ಎಂಬ ಹೆಸರಿದೆ. ವಸಡಿಗೆ ಗಾಯವಾಗದಂತೆ ಅದನ್ನು ಕೆತ್ತಿ ತೆಗೆದು, ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ತಿಕ್ಕಬೇಕೆಂದು ಅಲ್ಲಿ ವಿಧಿಸಿದೆ. ಈ ಕಾರ್ಯಕ್ಕಾಗಿ ದಂತಶಂಕು ಎಂಬ ಶಸ್ತ್ರವನ್ನೂ ಹೇಳಿದೆ. ಸುಮಾರು ಸಾವಿರ ವರುಷಗಳ ಹಿಂದೆ ಸ್ಪೇನ್ ದೇಶದ ಕಾರ್ಡೋವಾದಲ್ಲಿದ್ದ ಅರಬ್ಬೀ ವೈದ್ಯ ಅಲ್ ಜಹ್ರಾವಿಯು ಕಿಟ್ಟ ಕೆರೆಯುವ ಹಲವು ಸಲಕರಣೆಗಳ ಚಿತ್ರಗಳನ್ನೇ ತನ್ನ ಗ್ರಂಥದಲ್ಲಿ ಬರೆದನು. ಅಮೇರಿಕೆಯ ಹಾರ್ಟ್‌ಫರ್ಡಿನ ದಂತವೈದ್ಯ ಜಾನ್ ರಿಗ್ಸ್ ಎಂಬವನು ವಸಡನ್ನು ಕತ್ತರಿಸುವ ಬದಲು ಬೇರಿನ ಮೇಲಿನ ಕಿಟ್ಟವನ್ನು ಕೆರೆದು ಹಲ್ಲುಗಳನ್ನು ಉಳಿಸಬಹುದೆಂದು 19ನೆಯ ಶತಮಾನದಲ್ಲಿ ಸಾರಿದನು; ಅಲ್ಲಿಯ ಜನರು ಬಹುಕಾಲ ಈ ಬೇನೆಯನ್ನು ರಿಗ್ಸನ ರೋಗವೆಂದೇ ಕರೆಯುತ್ತಿದ್ದರು.

ಈಗಿನ ಚಿಕಿತ್ಸೆಯ ಕ್ರಮ

ನಮ್ಮ ಭಾಗದವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಧಾರವಾಡಕ್ಕೂ ಹುಬ್ಬಳ್ಳಿಗೂ ನಡುವಿನ ಸತ್ತೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತವೈದ್ಯಕೀಯ ಮಹಾವಿದ್ಯಾಲಯವೂ ಅದರ ಆಸ್ಪತ್ರೆಯೂ ಇವೆ. ಇಂಥ ಕಲಿಕೆಯ ಆಸ್ಪತ್ರೆಗಳಲ್ಲಿ ವಸಡಿಗಾಗಿಯೇ ಬೇರೆ ವಿಭಾಗವಿದ್ದು, ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುತ್ತಾರೆ.

ಮೊದಲು ಪರೀಕ್ಷೆ ನಡೆಯುವದು. ಮಿಲಿಮೀಟರಿನ ಗೆರೆಗಳುಳ್ಳ ಮೊಂಡು ತುದಿಯ ಸಣ್ಣ ಕಡ್ಡಿಯನ್ನು ವಸಡಿನ ಸಂದಿನಲ್ಲಿ ಮೆಲ್ಲನೆ ಇಳಿಸಿ ಪ್ರತಿ ಹಲ್ಲಿನ ಸುತ್ತಲೂ ಆಳವನ್ನು ಅಳೆಯುತ್ತಾರೆ. ಎಕ್ಸ್‌ರೇ ಚಿತ್ರದಲ್ಲಿ ಎಲುಬಿನ ಮಟ್ಟವನ್ನು ನೋಡುತ್ತಾರೆ. ಎಲುಬು ಸರಿಯಾಗಿದ್ದರೆ ಮೇಲ್ಮಟ್ಟದ ಶುಚಿಯೇ ಸಾಕಾಗುವದು. ಎಲುಬು ಕರಗಿ, ಜೇಬುಗಳು 4 ಮಿಲಿಮೀಟರಿಗೂ ಹೆಚ್ಚು ಆಳವಾಗಿದ್ದರೆ ಆಳದ ಶುಚಿ ಅವಶ್ಯವಾಗುವದು. ಎಲ್ಲರಿಗೂ ಇದು ಬೇಕೆಂದಲ್ಲ.

ಆಳದ ಶುಚಿಗೆ ಮುಂಚೆ ಆ ಭಾಗಕ್ಕೆ ಜೋಮು ಬರುವ ಮದ್ದನ್ನು ಚುಚ್ಚುತ್ತಾರೆ. ಬಳಿಕ ಸೆಕೆಂಡಿಗೆ ಹತ್ತಾರು ಸಾವಿರ ಸಾರೆ ಕಂಪಿಸುವ ಯಂತ್ರದ ತುದಿಯಿಂದ ಕಿಟ್ಟವನ್ನು ಒಡೆದು, ನೀರಿನ ಧಾರೆಯಿಂದ ತೊಳೆಯುತ್ತಾರೆ. ಆಮೇಲೆ ಬಾಗಿದ ಅಲಗಿನ ಸಣ್ಣ ಕೈಸಲಕರಣೆಗಳನ್ನು ಜೇಬಿನೊಳಗೆ ಇಳಿಸಿ, ಬೇರಿಗಂಟಿದ ಉಳಿದ ಕಿಟ್ಟವನ್ನು ಕೆರೆದು ಬೇರಿನ ಮೈಯನ್ನು ನಯಮಾಡುತ್ತಾರೆ. ಬೇರು ಶುಚಿಯಾದ ಮೇಲೆ ವಸಡು ಬಿಗಿದುಕೊಂಡು ಜೇಬಿನ ಆಳ ಕಡಿಮೆಯಾಗುವದು. ಬಾಯಿಯನ್ನು ನಾಲ್ಕು ಭಾಗಮಾಡಿ ಎರಡು ಇಲ್ಲವೆ ನಾಲ್ಕು ಭೇಟಿಗಳಲ್ಲಿ ಕೆಲಸ ಮುಗಿಸುವದು ವಾಡಿಕೆ. ಒಂದೂವರೆಯಿಂದ ಮೂರು ತಿಂಗಳ ನಂತರ ಪುನಃ ಅಳತೆ ತೆಗೆಯುತ್ತಾರೆ; ಜೇಬುಗಳು ಇನ್ನೂ ಆಳವಾಗಿಯೇ ಉಳಿದರೆ ವಸಡನ್ನು ಬಿಡಿಸಿ ಒಳಗೆ ಶುಚಿಮಾಡುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬರೀ ಗುಳಿಗೆ ನುಂಗಿದರೆ ಸಾಲದೇ ಎಂದು ಕೇಳುವವರು ಬಹಳ. ಸೂಕ್ಷ್ಮಜೀವಿಗಳು ಪಾಚಿಯ ಪದರದೊಳಗೆ ಅಡಗಿರುವದರಿಂದ, ಆ ಪದರವನ್ನು ಒಡೆಯದೆ ಗುಳಿಗೆಯೊಂದೇ ಈ ಬೇನೆಯನ್ನು ನಿಲ್ಲಿಸಲಾರದು. ರಕ್ತ ತೆಳುವಾಗುವ ಔಷಧ ತಕ್ಕೊಳ್ಳುವವರೂ ಹೃದಯದ ಕವಾಟದ ಬೇನೆಯುಳ್ಳವರೂ ಚಿಕಿತ್ಸೆಗೆ ಮೊದಲೇ ಅದನ್ನು ಡಾಕ್ಟರರಿಗೆ ತಿಳಿಸಬೇಕು.

ಒಂದು ದೊಡ್ಡ ಹೆದರಿಕೆ

“ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲಾಗುತ್ತವೆ” ಎಂಬ ಮಾತು ಊರೂರಲ್ಲಿ ಹಬ್ಬಿದೆ. ಅದಕ್ಕೆ ಆಧಾರವಾದ ಅನುಭವ ಸುಳ್ಳಲ್ಲ. ಅದರ ಅರ್ಥವನ್ನು ಮಾತ್ರ ತಪ್ಪಾಗಿ ತಿಳಿಯಲಾಗಿದೆ. ಎಲುಬು ಕರಗಿದ ಹಲ್ಲುಗಳನ್ನು ಕೆಲವೊಮ್ಮೆ ಕಿಟ್ಟದ ಗಡ್ಡೆಯೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಬಿದ್ದ ಗೋಡೆಗೆ ಮಣ್ಣಿನ ರಾಶಿ ಒರಗಿದಂತೆ ಅದು. ಕಿಟ್ಟ ಹೋದೊಡನೆ ಮೊದಲೇ ಇದ್ದ ಸಡಿಲಿಕೆ ಗೊತ್ತಾಗುವದು. ಊದಿದ ವಸಡು ಇಳಿದಾಗ ಮೊದಲೇ ಇದ್ದ ಸಂದುಗಳು ಕಾಣುವವು. ಬೇರು ತೆರೆದುಕೊಂಡದ್ದರಿಂದ ಕೆಲವು ವಾರ ತಣ್ಣೀರು ಜುಮ್ಮೆನ್ನುವದೂ ಉಂಟು. ಇವುಗಳನ್ನು ಡಾಕ್ಟರರು ಮುಂಚಿತವಾಗಿ ಹೇಳಿದರೆ ರೋಗಿಯು ಹೆದರಿ ಮಧ್ಯದಲ್ಲಿ ಚಿಕಿತ್ಸೆ ಬಿಡುವ ಪ್ರಸಂಗ ಬರುವದಿಲ್ಲ. ವಸಡು ಗುಣವಾದಂತೆ ಸ್ವಲ್ಪ ಸಡಿಲಿದ್ದ ಹಲ್ಲುಗಳು ಎಷ್ಟೋ ಸಾರೆ ಮೊದಲಿಗಿಂತ ಬಿಗಿಯಾಗುವವು.

ಸ್ತ್ರೀಯರು ವಿಶೇಷವಾಗಿ ಲಕ್ಷಿಸತಕ್ಕ ಸಂಗತಿಗಳು

ಗರ್ಭಿಣಿಯರಲ್ಲಿ ದೇಹದ ರಸಗಳ ಬದಲಾವಣೆಯಿಂದ ವಸಡು ಬೇಗ ಊದುವದು. ಹೊಟ್ಟೆಯಲ್ಲಿ ಮಗುವಿರುವಾಗ ಹಲ್ಲಿಗೆ ಕೈ ಹಚ್ಚಬಾರದೆಂಬ ನಂಬಿಕೆ ಇದೆ. ಅಮೇರಿಕೆಯಲ್ಲಿ 2006ರಲ್ಲಿ ಪ್ರಕಟವಾದ, 823 ಗರ್ಭಿಣಿಯರನ್ನೊಳಗೊಂಡ ಸಂಶೋಧನೆಯು ಆಳದ ಶುಚಿಯಿಂದ ವಸಡು ಸುಧಾರಿಸುವದೆಂದೂ ಅದು ಸುರಕ್ಷಿತವೆಂದೂ ಕಂಡಿತು. ಅವಧಿಗೆ ಮುಂಚಿನ ಹೆರಿಗೆ ಮಾತ್ರ ಅದರಿಂದ ಕಡಿಮೆಯಾಗಲಿಲ್ಲ. ನಾಲ್ಕರಿಂದ ಆರನೆಯ ತಿಂಗಳು ಇದಕ್ಕೆ ಅನುಕೂಲವಾದ ಕಾಲ.

ಸಕ್ಕರೆ ಬೇನೆಗೂ ವಸಡಿನ ಬೇನೆಗೂ ಪರಸ್ಪರ ಸಂಬಂಧವಿದೆ. ಸಕ್ಕರೆ ಹೆಚ್ಚಿದ್ದರೆ ವಸಡು ಬೇಗ ಕೆಡುವದು. ವಸಡು ಕೆಟ್ಟಿದ್ದರೆ ಸಕ್ಕರೆ ಹತೋಟಿಗೆ ಬರುವದು ಕಠಿಣವಾಗುವದು. ಎರಡೂ ಇರುವವರಲ್ಲಿ ಆಳದ ಶುಚಿಯ ತರುವಾಯ ಸಕ್ಕರೆಯ ಮೂರು ತಿಂಗಳ ಸರಾಸರಿ ಅಳತೆಯೂ ಸ್ವಲ್ಪ ಇಳಿಯುವದೆಂದು ಕಂಡುಬಂದಿದೆ.

ಮೂರನೆಯದು ತಂಬಾಕು. ಹೊಗೆಸೊಪ್ಪನ್ನು ಹುರಿದು ಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯು ನಮ್ಮ ಕಡೆಯ ಕೆಲವು ಸ್ತ್ರೀಯರಲ್ಲಿ ಉಂಟು. ಇದು ಶುಚಿಯಲ್ಲ, ಚಟ. ವಸಡನ್ನು ಕೆಡಿಸಿ ಬಾಯಿಯ ಅರ್ಬುದಕ್ಕೂ ದಾರಿಮಾಡುವದು. ಬೀಡಿ ಸೇದುವ ಗಂಡಸರಲ್ಲಿಯಂತೂ ರಕ್ತ ಬರುವದೇ ಕಡಿಮೆಯಾಗಿ, ಬೇನೆಯು ಮರೆಯಲ್ಲಿ ಬೆಳೆಯುವದು.

ಮನೆಯಲ್ಲಿ ಮಾಡತಕ್ಕದ್ದು

ಎಷ್ಟು ಚೆನ್ನಾಗಿ ಶುಚಿಮಾಡಿಸಿದರೂ ಮರುದಿನದಿಂದ ಪಾಚಿ ಪುನಃ ಕಟ್ಟತೊಡಗುವದು. ಆದ್ದರಿಂದ ಮೆತ್ತನೆಯ ಬ್ರಶ್ಶನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಮುಂಜಾನೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಎರಡೆರಡು ನಿಮಿಷ ಉಜ್ಜಬೇಕು. ಹಲ್ಲುಗಳ ನಡುವೆ ದಾರವನ್ನಾಗಲಿ ಸಣ್ಣ ಸಂದಿನ ಬ್ರಶ್ಶನ್ನಾಗಲಿ ದಿನಕ್ಕೊಮ್ಮೆ ಆಡಿಸಬೇಕು. ಉಪ್ಪನ್ನು ಹೆಸರಿನಲ್ಲಿಯೇ ಹೊತ್ತ ಉಪ್ಪಿನಬೆಟಗೇರಿಯವರಿಗೆ ಉಪ್ಪಿನ ಮೇಲೆ ಅಭಿಮಾನವಿದ್ದರೆ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಚಮಚ ಹಾಕಿ ಬಾಯಿ ಮುಕ್ಕಳಿಸಲಿ. ಊದಿದ ವಸಡಿಗೆ ಹಿತವಾಗುವದು. ಆದರೆ ಹರಳುಪ್ಪಿನಿಂದಲೂ ಇದ್ದಿಲಿನಿಂದಲೂ ತಿಕ್ಕಬಾರದು. ಅವು ಕಿಟ್ಟವನ್ನು ಬಿಡಿಸದೆ ಹಲ್ಲನ್ನೇ ಸವೆಯಿಸುವವು. ಆಳದ ಶುಚಿ ಮಾಡಿಸಿಕೊಂಡವರು ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸಿಕೊಳ್ಳತಕ್ಕದ್ದು.

ಮಾತೆಯರೇ, ಸೋದರಿಯರೇ, ಮನೆಯ ಎಲ್ಲರ ಔಷಧ ಪಥ್ಯಗಳನ್ನು ನೋಡುವವರು ನೀವೇ ಆಗಿರುವಿರಿ. ನಿಮ್ಮ ಬಾಯಿಯ ಕಡೆಗೆ ಮಾತ್ರ ಎಲ್ಲರಿಗಿಂತ ಕೊನೆಗೆ ನೋಡುತ್ತೀರಿ. ನಾಳೆ ಮುಂಜಾನೆ ಉಗುಳಿನಲ್ಲಿ ಕೆಂಪು ಕಂಡರೆ ಅದನ್ನು ನೀರಿನೊಡನೆ ಮರೆಯಬೇಡಿರಿ. ಹಲ್ಲು ಅಲುಗಿದ ಮೇಲೆ ಕೀಳಿಸಲಿಕ್ಕೆ ಹೋಗುವ ದಾರಿಯೂ, ಅಲುಗುವ ಮುಂಚೆ ಉಳಿಸಿಕೊಳ್ಳಲಿಕ್ಕೆ ಹೋಗುವ ದಾರಿಯೂ ಒಂದೇ, ಬಸ್ಸೂ ಅದೇ. ಬೇಗ ಹೊರಡುವದಷ್ಟೇ ನಿಮ್ಮ ಕೈಯಲ್ಲಿದೆ.